ಮುಚ್ಚಿದ ಪಾತ್ರೆಯಲ್ಲಿ ಇಡೀ ಟರ್ಕಿ ಕೋಳಿ ರೋಸ್ಟ್: ಓವನ್‌ನಲ್ಲಿ ಮತ್ತು ಜಾಲಿ ಕೆಂಡದ ಮೇಲೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಗೆಳೆಯರಿಂದ ನನಗೆ ಬರುವ ಫೋನುಗಳಲ್ಲಿ ಮೂರೇ ದೂರು. ಎದೆ ಮಾಂಸ ಹತ್ತಿಯಂತೆ ಒಣಗಿತು. ತೊಡೆಯ ಸಂದಿನಲ್ಲಿ ಹಸಿ ಉಳಿಯಿತು. ಮೂರು ತಾಸು ಬೆಂದರೂ ಚರ್ಮ ಬಿಳಿಚಿಕೊಂಡೇ ಇತ್ತು.

ಮೂರೂ ಒಂದೇ ಬೇರಿನಿಂದ ಹುಟ್ಟುವ ತಪ್ಪುಗಳು: ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸುವುದು. ಮುಚ್ಚಳ ಇರುವಷ್ಟು ಹೊತ್ತು ಕೋಳಿ ತನ್ನದೇ ಹಬೆಯಲ್ಲಿ ಬೇಯುತ್ತಿರುತ್ತದೆ. ಹಬೆಯಲ್ಲಿ ಚರ್ಮಕ್ಕೆ ಬಣ್ಣ ಬರುವುದಿಲ್ಲ. ಬಣ್ಣ ಬರಲೆಂದು ಕಾಯುತ್ತ ಕೂತವರ ಎದೆ ಮಾಂಸ ಒಣಗುತ್ತದೆ. ಉರಿ ಜೋರು ಮಾಡಿ ಬೇಗ ಬಣ್ಣ ಬರಿಸಿದವರ ತೊಡೆ ಹಸಿ ಉಳಿಯುತ್ತದೆ. ಬೇಯಿಸುವುದು ಒಂದು ಕೆಲಸ, ಕೆಂಪಗೆ ಮಾಡುವುದು ಇನ್ನೊಂದು ಕೆಲಸ. ಈ ಎರಡನ್ನೂ ಬೇರೆ ಬೇರೆಯಾಗಿ, ಸರಿಯಾದ ಸರದಿಯಲ್ಲಿ ಮಾಡಿದರೆ ಮನೆಯಲ್ಲಿ ಓವನ್ ಇಲ್ಲದಿದ್ದರೂ ರೋಸ್ಟ್ ಚೆನ್ನಾಗಿ ಬರುತ್ತದೆ.

ಇಲ್ಲಿನ ಲೆಕ್ಕವೆಲ್ಲ ಸ್ವಚ್ಛ ಮಾಡಿದ ಮೇಲೆ ಮೂರೂವರೆಯಿಂದ ನಾಲ್ಕು ಕೆ.ಜಿ. ತೂಗುವ ಹಕ್ಕಿಗೆ.

1. ಹಕ್ಕಿ ಆರಿಸುವುದು, ಅಂಗಡಿಯಲ್ಲಿ ಹೇಳಬೇಕಾದ ಮಾತು

ಹೆಣ್ಣು ಟರ್ಕಿ ತಗೊಳ್ಳಿ. ಗಂಡು ಬಹಳ ದೊಡ್ಡದಾಗಿ ಬೆಳೆಯುತ್ತದೆ, ಮನೆಯ ಪಾತ್ರೆಯಲ್ಲಿ ಹಿಡಿಯುವುದಿಲ್ಲ, ಕಾಲಿನ ನರವೂ ಗಟ್ಟಿ. ಜೀವಂತ ಹಕ್ಕಿ ಕೊಳ್ಳುವುದಾದರೆ ಕಾಲು ಮುಟ್ಟಿ ನೋಡಿ. ಎಳೆಯದರ ಕಾಲಿನ ಹುರುಪೆ ನುಣುಪಾಗಿರುತ್ತದೆ, ಬಲಿತದ್ದರಲ್ಲಿ ಒರಟಾಗಿರುತ್ತದೆ. ಎದೆ ಮೂಳೆಯ ಹಿಂತುದಿಯನ್ನು ಬೆರಳಿನಿಂದ ಒತ್ತಿದರೆ ಎಳೆಯದರಲ್ಲಿ ಮೆತ್ತಗೆ ಬಾಗುತ್ತದೆ. ಬಾಗದೆ ಕಲ್ಲಿನಂತಿದ್ದರೆ ಅದು ರೋಸ್ಟ್‌ಗಿಂತ ಸಾರಿಗೆ ಒಳ್ಳೆಯದು.

ನಮ್ಮ ಕಡೆ ಕೋಳಿ ಅಂಗಡಿಯವರ ಕೈ ಬಹಳ ಚುರುಕು. ನೀವು ಚೀಲದಿಂದ ದುಡ್ಡು ತೆಗೆಯುವಷ್ಟರಲ್ಲಿ ಚರ್ಮ ಸುಲಿದು ಕತ್ತಿ ಎತ್ತಿರುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡಿ: "ಅಣ್ಣಾ, ಚರ್ಮ ತೆಗೀಬ್ಯಾಡ್ರಿ, ತುಂಡು ಮಾಡಬ್ಯಾಡ್ರಿ, ಇಡೀದೇ ಬೇಕು. ಪುಕ್ಕ ಅಷ್ಟೇ ಕಿತ್ತು, ಹೊಟ್ಟೀ ಒಳಗಿಂದು ತೆಗೀರಿ." ಚರ್ಮ ಇಲ್ಲದ ಟರ್ಕಿಯನ್ನು ರೋಸ್ಟ್ ಮಾಡಲು ಹೋಗಬೇಡಿ, ಎದೆಯ ತೇವ ಉಳಿಸುವುದೇ ಆ ಚರ್ಮ. ಕತ್ತಿನ ಬುಡದ ಮೇವಿನ ಚೀಲ ಪೂರ್ತಿ ಬಂದಿದೆಯೇ ಎಂದು ಅಲ್ಲೇ ನೋಡಿ. ಲಿವರ್, ಗುಂಡಿಗೆ, ಕುತ್ತಿಗೆ ಬೇರೆ ಕವರಿನಲ್ಲಿ ಹಾಕಿಸಿಕೊಳ್ಳಿ.

ತೊಳೆಯುವುದೂ ಅಂಗಡಿಯಲ್ಲೇ ಮುಗಿಯಲಿ. ಮನೆಯ ಸಿಂಕಿನಲ್ಲಿ ನಲ್ಲಿ ಬಿಟ್ಟು ಹಸಿ ಕೋಳಿ ತೊಳೆದರೆ ಆ ನೀರು ಸಿಡಿದು ಪಕ್ಕದ ತಟ್ಟೆ, ಸೊಪ್ಪು, ಲೋಟಗಳ ಮೇಲೆಲ್ಲ ರೋಗಾಣು ಹರಡುತ್ತದೆ. ಮನೆಯಲ್ಲಿ ಒರೆಸುವುದು ಮಾತ್ರ.

2. ಪಾತ್ರೆ ಮತ್ತು ಸಾಮಾನು

ದಪ್ಪ ತಳದ ಬಿರಿಯಾನಿ ಡಬರಿ, ಹಿಂಡಾಲಿಯಂ ಅಥವಾ ಎರಕದ ಕಬ್ಬಿಣದ್ದು. ತೆಳು ಜರ್ಮನ್ (ಅಲ್ಯೂಮಿನಿಯಂ) ಪಾತ್ರೆ ಬೇಡ, ಕೆಂಡದ ಮೇಲೆ ಒಂದು ತಾಸಿಗೇ ತಳ ಹಿಡಿಯುತ್ತದೆ. ಹಕ್ಕಿ ಒಳಗಿಟ್ಟಾಗ ಸುತ್ತಲೂ ಎರಡು ಬೆರಳು, ಎದೆಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿಯಬೇಕು. ಮುಚ್ಚಳಕ್ಕೆ ಎದೆ ತಗುಲಿದರೆ ಅಲ್ಲಿ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಹಕ್ಕಿ ತರುವ ಮೊದಲೇ, ಅಷ್ಟೇ ಗಾತ್ರದ ಕುಂಬಳಕಾಯಿ ಇಟ್ಟಾದರೂ ಅಳತೆ ನೋಡಿಕೊಳ್ಳಿ.

ಕೆಂಡದ ಮೇಲೆ ಮಾಡುವವರಿಗೆ ಮುಚ್ಚಳಕ್ಕೆ ಅಂಚು ಇರಲೇಬೇಕು. ಗುಮ್ಮಟದಂಥ ಮುಚ್ಚಳದಿಂದ ಕೆಂಡ ಜಾರುತ್ತದೆ. ಅಂಚಿರುವ ದಪ್ಪ ಕಬ್ಬಿಣದ ತಟ್ಟೆಯಾದರೂ ನಡೆಯುತ್ತದೆ.

ತಳದಲ್ಲಿ ಇಡಲು ಜಾಲರಿ ಸ್ಟ್ಯಾಂಡ್ ಇಲ್ಲದಿದ್ದರೆ ಇಡ್ಲಿ ತಟ್ಟೆ ಬೋರಲು ಹಾಕಿ. ಇವಲ್ಲದೆ ಬಣ್ಣವಿಲ್ಲದ ಹತ್ತಿ ದಾರ, ಉದ್ದ ಇಕ್ಕಳ, ಎರಡು ಗಟ್ಟಿ ಬಟ್ಟೆ ಬೇಕು. ಹೂ ಕಟ್ಟುವ ನೈಲಾನ್ ದಾರ ಬೇಡ, ಕರಗುತ್ತದೆ.

ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇಡೀ ಟರ್ಕಿಯ ಬೆಲೆಯ ಮುಂದೆ ಅದು ದೊಡ್ಡದಲ್ಲ. ತಂದ ದಿನವೇ ಕುದಿಯುವ ನೀರಿನಲ್ಲಿ ಅದ್ದಿ ನೋಡಿ: 100 ಡಿಗ್ರಿಯ ಹತ್ತಿರ ತೋರಿಸಬೇಕು.

3. ಮಂಜುಗಟ್ಟಿದ್ದನ್ನು ಕರಗಿಸುವುದು, ತಾಜಾ ಹಕ್ಕಿಯನ್ನು ತಣಿಸುವುದು

ಫ್ರೋಜನ್ ಟರ್ಕಿಯಾದರೆ ಫ್ರಿಜ್ಜಿನಲ್ಲಿ ಪ್ರತಿ ಎರಡು ಕೆ.ಜಿ.ಗೆ ಒಂದು ದಿನದ ಲೆಕ್ಕ. ನಾಲ್ಕು ಕೆ.ಜಿ.ಗೆ ಎರಡು ದಿನ ಪೂರ್ತಿ ಬೇಕು. ದೊಡ್ಡ ತಟ್ಟೆಯಲ್ಲಿಟ್ಟು ಕೆಳಗಿನ ಅರೆಯಲ್ಲೇ ಇಡಿ, ಸೋರುವ ನೀರು ಬೇರೆ ಪದಾರ್ಥದ ಮೇಲೆ ಬೀಳಬಾರದು. ಹೊತ್ತು ಕಡಿಮೆ ಇದ್ದರೆ ಸೋರದ ಕವರಿನಲ್ಲಿ ಕಟ್ಟಿ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಅರ್ಧ ತಾಸಿಗೊಮ್ಮೆ ನೀರು ಬದಲಿಸಿ. ಕೆ.ಜಿ.ಗೆ ಸುಮಾರು ಒಂದು ತಾಸು ಹಿಡಿಯುತ್ತದೆ. ನಮ್ಮ ಟ್ಯಾಂಕಿನ ನೀರು ಮಧ್ಯಾಹ್ನ ಬೆಚ್ಚಗಿರುತ್ತದೆ, ಆದ್ದರಿಂದ ಐಸ್ ಹಾಕಿಯೇ ಮಾಡಿ. ಹೀಗೆ ನೀರಿನಲ್ಲಿ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು, ರಾತ್ರಿಯಿಡೀ ಉಪ್ಪಿನಲ್ಲಿಡುವ ಕೆಲಸ ಇದಕ್ಕಿಲ್ಲ. ಅದಕ್ಕೇ ಫ್ರಿಜ್ಜಿನ ದಾರಿಯೇ ಒಳ್ಳೆಯದು ಅನ್ನುತ್ತೇನೆ.

ಅಡುಗೆ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಟ್ಟು ಕರಗಿಸುವ ಪದ್ಧತಿಯನ್ನು ಬಿಟ್ಟುಬಿಡಿ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬಿಸಿಯಲ್ಲಿ ರೋಗಾಣು ಬೇಗ ಬೆಳೆಯುತ್ತವೆ. ಒಳಗೆ ಇನ್ನೂ ಮಂಜು ಇರುವಾಗಲೇ ಹೊರಗಿನ ಮಾಂಸ ಕೆಡಲು ಶುರುವಾಗಿರುತ್ತದೆ. ಹಸಿ ಮಾಂಸ ಹೊರಗಿರಬಹುದಾದ ಹೊತ್ತು ಹೆಚ್ಚೆಂದರೆ ಎರಡು ತಾಸು, ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ತಾಸು. ರಾಯಚೂರಿನ ಬೇಸಿಗೆಯಲ್ಲಿ ಮಾಡುವವರು ಈ ಒಂದು ತಾಸನ್ನೇ ನೆನಪಿಡಿ.

ತಾಜಾ ಹಕ್ಕಿ ಕೊಯ್ಸಿದವರು ಮಾಡುವ ತಪ್ಪು ಬೇರೆ. ಬೆಳಿಗ್ಗೆ ಕೊಯ್ಸಿ ಮಧ್ಯಾಹ್ನಕ್ಕೆ ಒಲೆಗೇರಿಸುತ್ತಾರೆ. ಕೊಯ್ದ ಕೆಲವು ತಾಸು ಮಾಂಸ ಬಿಗಿದುಕೊಂಡಿರುತ್ತದೆ, ಆಗ ಬೇಯಿಸಿದರೆ ಎಷ್ಟು ಹೊತ್ತು ಇಟ್ಟರೂ ರಬ್ಬರಿನಂತೆಯೇ ಇರುತ್ತದೆ. ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಒಂದು ದಿನ ಪೂರ್ತಿ, ಫ್ರಿಜ್ಜಿನಲ್ಲಿ ತಣ್ಣಗಿರಲಿ. ಸಣ್ಣ ಫ್ರಿಜ್ಜಿನವರು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೆಳಗೂ ಮೇಲೂ ಐಸ್ ಹಾಕಿ, ಹಕ್ಕಿಯನ್ನು ಕವರಿನಲ್ಲಿ ಬಿಗಿಯಾಗಿ ಸುತ್ತಿ ಇಡಬಹುದು. ಕರಗಿದ ನೀರು ಚೆಲ್ಲಿ, ಐಸ್ ಮತ್ತೆ ತುಂಬುತ್ತಿರಬೇಕು.

4. ಉಪ್ಪು ಹಚ್ಚುವುದು

ಬೇಯಿಸುವ ಹಿಂದಿನ ಸಂಜೆ. ನಾಲ್ಕು ಕೆ.ಜಿ. ಹಕ್ಕಿಗೆ 50 ಗ್ರಾಂ ಪುಡಿ ಉಪ್ಪು, ಅಂದರೆ ಸಮ ಮಾಡಿದ ಮೂರು ದೊಡ್ಡ ಚಮಚ. ಹೊಟ್ಟೆಯ ಒಳಗೆ ಕಾಲು ಭಾಗ, ಉಳಿದದ್ದು ಹೊರಗೆ. ತೊಡೆ ಮತ್ತು ಎದೆಯ ದಪ್ಪ ಭಾಗಕ್ಕೆ ಕೈ ಧಾರಾಳವಾಗಲಿ, ರೆಕ್ಕೆಗೆ ಕಡಿಮೆ ಸಾಕು. ಪೊಟ್ಟಣದ ಮೇಲೆ ಉಪ್ಪುನೀರು ಸೇರಿಸಿದೆ ಎಂದು ಬರೆದಿದ್ದರೆ ಈ ಹಂತವನ್ನೇ ಬಿಡಿ.

ಉಪ್ಪು ಹಚ್ಚಿದ ಹಕ್ಕಿಯನ್ನು ಎದೆ ಮೇಲಾಗಿ ತಟ್ಟೆಯಲ್ಲಿಟ್ಟು, ಏನೂ ಮುಚ್ಚದೆ, ಕೆಳಗಿನ ಅರೆಯಲ್ಲಿ ಇಡಿ. ಮುಚ್ಚದಿರುವುದಕ್ಕೆ ಕಾರಣವಿದೆ. ಉಪ್ಪು ಮೊದಲು ನೀರು ಎಳೆಯುತ್ತದೆ, ಆಮೇಲೆ ಆ ಉಪ್ಪುನೀರನ್ನೇ ಮಾಂಸ ಒಳಗೆ ಹೀರಿಕೊಳ್ಳುತ್ತದೆ, ಬೆಳಗಿನ ಹೊತ್ತಿಗೆ ಚರ್ಮದ ಮೇಲಿನ ತೇವ ಆರಿರುತ್ತದೆ. ಬೆಳಿಗ್ಗೆ ತೆಗೆದು ಬೆರಳಿನಿಂದ ಮುಟ್ಟಿ: ತೆಳು ಹಾಳೆಯಂತೆ ಒಣಗಿ, ಅಲ್ಲಲ್ಲಿ ಅರೆಪಾರದರ್ಶಕವಾಗಿ ಕೆಳಗಿನ ಮಾಂಸದ ಬಣ್ಣ ಕಾಣಬೇಕು. ಅಂಥ ಚರ್ಮವೇ ಕೊನೆಯಲ್ಲಿ ಗರಿಗರಿಯಾಗುವುದು. ಜಿಗುಟಾಗಿದ್ದರೆ ಒಣಬಟ್ಟೆಯಲ್ಲಿ ಒತ್ತಿ ಒರೆಸಿ. ಐಸ್ ಪೆಟ್ಟಿಗೆಯಲ್ಲಿಟ್ಟವರು ಹೀಗೆ ಒರೆಸಲೇಬೇಕು. ಆ ಬಟ್ಟೆಯನ್ನು ಬೇರೆ ಯಾವುದಕ್ಕೂ ಮುಟ್ಟಿಸದೆ ಬಿಸಿನೀರಿಗೆ ಹಾಕಿ.

5. ಮಸಾಲೆ ಚರ್ಮದ ಕೆಳಗೆ

ನಮ್ಮವರ ಕೈ ಮೊದಲು ಹೋಗುವುದು ಮೊಸರು, ಖಾರದ ಪುಡಿ, ಅರಿಶಿನ ಕಲಸಿ ಮೈಗೆಲ್ಲ ಬಳಿಯುವುದಕ್ಕೆ. ತಂದೂರಿ ಕೋಳಿಗೆ ಅದು ಸರಿ, ಅದು ಬೇಗ ಬೇಯುತ್ತದೆ. ಟರ್ಕಿ ಎರಡೂವರೆ ತಾಸು ಬೇಯಬೇಕು. ಮೊಸರು ಚರ್ಮವನ್ನು ಒದ್ದೆಯಾಗಿಯೇ ಇಡುತ್ತದೆ, ಕೊನೆಯಲ್ಲಿ ಮುಚ್ಚಳ ತೆಗೆದ ಕೂಡಲೇ ಖಾರದ ಪುಡಿ ಕರಿದಾಗಿ ಕಹಿಯಾಗುತ್ತದೆ.

ಬದಲಿಗೆ 100 ಗ್ರಾಂ ಮೆತ್ತನೆಯ ಬೆಣ್ಣೆಗೆ ಒಂದು ದೊಡ್ಡ ಚಮಚ ಬೆಳ್ಳುಳ್ಳಿ-ಶುಂಠಿ ಪೇಸ್ಟ್, ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಕಾಳುಮೆಣಸಿನ ಪುಡಿ, ಸ್ವಲ್ಪ ಹೆಚ್ಚಿದ ಕೊತ್ತಂಬರಿ ಸೇರಿಸಿ. ಖಾರ ಬೇಕೆನ್ನುವವರು ಅರ್ಧ ಚಮಚ ಗುಂಟೂರು ಹಾಕಿಕೊಳ್ಳಿ. ಉಪ್ಪು ಬೇಡ, ನಿನ್ನೆಯೇ ಆಗಿದೆ. ಈಗ ಕುತ್ತಿಗೆಯ ಕಡೆಯಿಂದ ಎರಡು ಬೆರಳು ಚರ್ಮದ ಕೆಳಗೆ ನಿಧಾನವಾಗಿ ತೂರಿಸಿ. ಉಗುರು ತಾಗಬಾರದು, ಬೆರಳ ತುದಿಯ ಮೆತ್ತನೆ ಭಾಗದಿಂದಲೇ ತಳ್ಳುತ್ತ ಹೋಗಿ. ಚರ್ಮ ಮಾಂಸದಿಂದ ಬಿಡುತ್ತ ಹೋಗುವುದು ಕೈಗೆ ಗೊತ್ತಾಗುತ್ತದೆ, ನಡು ಎದೆಯಲ್ಲಿ ಒಂದು ತೆಳು ಪೊರೆ ತಡೆಯುತ್ತದೆ, ಅದನ್ನು ಪಕ್ಕದಿಂದ ಬಿಡಿಸಿ. ಬೆಣ್ಣೆಯ ಮುಕ್ಕಾಲು ಪಾಲು ಎದೆಗೆ, ಉಳಿದದ್ದು ತೊಡೆಗೆ. ಹೊರಗಡೆ ಒಂದು ಚಮಚ ಎಣ್ಣೆ ಸವರಿದರೆ ಸಾಕು. ಜೇನು, ಬೆಲ್ಲ ಹಚ್ಚುವ ಆಸೆ ಇದ್ದರೆ ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ.

ಹೊಟ್ಟೆಯೊಳಗೆ ಪಲಾವ್, ಖೀಮಾ, ಮೊಟ್ಟೆ ತುಂಬಬೇಡಿ. ಒಳಗಿನ ತುಂಬುಗೆಯೂ 74 ಡಿಗ್ರಿ ಮುಟ್ಟಬೇಕು. ಅದು ಮುಟ್ಟುವಷ್ಟರಲ್ಲಿ ಎದೆ ಒಣಗಿಹೋಗಿರುತ್ತದೆ. ಅರ್ಧ ಈರುಳ್ಳಿ, ಒಂದು ನಿಂಬೆ ಹೋಳು, ನಾಲ್ಕು ಎಸಳು ಬೆಳ್ಳುಳ್ಳಿ ಸಡಿಲವಾಗಿ ಹಾಕಿ. ಪಲಾವ್ ಬೇರೆ ಮಾಡಿ.

6. ಪಾತ್ರೆಯಲ್ಲಿ ಕೂಡಿಸುವುದು

ರೆಕ್ಕೆಯ ತುದಿ ಬೆನ್ನ ಕೆಳಗೆ ಮಡಿಸಿ, ಎರಡೂ ಕಾಲು ಸೇರಿಸಿ ದಾರದಿಂದ ಸಡಿಲವಾಗಿ ಕಟ್ಟಿ. ಬಿಗಿದು ಕಟ್ಟಿದರೆ ತೊಡೆಯ ಸಂದಿಗೆ ಬಿಸಿ ಹೋಗುವುದಿಲ್ಲ, ಹಸಿ ಉಳಿಯುವ ಜಾಗವೇ ಅದು. ತಳದ ಇಡ್ಲಿ ತಟ್ಟೆಯ ಸುತ್ತ ದಪ್ಪ ಈರುಳ್ಳಿ ಹೋಳು ಹಾಕಿ, ಎದೆ ಮೇಲಾಗಿ ಹಕ್ಕಿ ಇಡಿ. ಒಂದು ಲೋಟ ಬಿಸಿನೀರು ಬದಿಯಿಂದ ಹಾಕಿ, ಹಕ್ಕಿಯ ಮೇಲೆ ಸುರಿಯಬೇಡಿ. ಒಂದೇ ಲೋಟ. ಬೆಂದಂತೆ ಹಕ್ಕಿಯೇ ರಸ ಬಿಡುತ್ತದೆ. ನೀರು ಬೆನ್ನಿಗೆ ಮುಟ್ಟುವಂತಿದ್ದರೆ ಅದು ರೋಸ್ಟ್ ಆಗುವುದಿಲ್ಲ, ಬೇಯಿಸಿದ ಕೋಳಿಯಾಗುತ್ತದೆ.

7. ಮುಚ್ಚಿ ಬೇಯಿಸುವುದು

*ಓವನ್ ಇದ್ದವರಿಗೆ.* 165 ಡಿಗ್ರಿಗೆ ಮೊದಲೇ ಕಾಯಿಸಿ, ಕೆಳಗಿನ ಅರೆಯಲ್ಲಿ ಇಡಿ. ಮುಚ್ಚಳದೊಂದಿಗೆ ಪಾತ್ರೆ ಹಿಡಿಯದಿದ್ದರೆ ಎರಡು ಪದರ ಫಾಯಿಲ್ ಬಿಗಿಯಾಗಿ ಮುಚ್ಚಿ. ಮೊದಲ ಒಂದೂಮುಕ್ಕಾಲು ತಾಸು ತೆರೆಯಲೇಬೇಡಿ. ತೆರೆದಾಗಲೆಲ್ಲ ಬಿಸಿ ಹಾರಿ ಹೊತ್ತು ಹೆಚ್ಚುತ್ತದೆ.

*ಕೆಂಡದ ಮೇಲೆ ಮಾಡುವವರಿಗೆ.* ಇದಕ್ಕೆ ನಮ್ಮ ಬಳ್ಳಾರಿ ಜಾಲಿಯ ಇದ್ದಿಲಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹೊಲದ ಬದು, ಕೆರೆಯ ಅಂಗಳ ಎಲ್ಲ ಕಡೆ ಬೆಳೆದು ರೈತರಿಗೆ ಕಾಟ ಕೊಡುವ ಅದೇ ಮುಳ್ಳುಮರ. ಅದರ ಕೆಂಡ ಗಟ್ಟಿ, ಬಹಳ ಹೊತ್ತು ನಿಲ್ಲುತ್ತದೆ. ನಾಲ್ಕು ಕೆ.ಜಿ. ಇದ್ದಿಲು ಕೈಗಿಟ್ಟುಕೊಳ್ಳಿ.

ಬಯಲಿನಲ್ಲಿ ಮಾಡಿ, ಇಲ್ಲವೇ ಎರಡು ಕಡೆ ತೆರೆದ ಪಡಸಾಲೆಯಲ್ಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಇಂಗಾಲದ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಪ್ರಾಣ ತೆಗೆಯುತ್ತದೆ. ತಲೆನೋವು, ತಲೆ ಸುತ್ತು ಬಂದರೆ ಎಲ್ಲರೂ ಕೂಡಲೇ ಹೊರಗೆ ಬನ್ನಿ.

ಮೂರು ಕಲ್ಲಿನ ಮೇಲೆ ಡಬರಿ ಕೂಡಿಸಿ. ಇದ್ದಿಲು ಪೂರ್ತಿ ಹೊತ್ತಿ ಮೇಲೆ ಬಿಳಿ ಬೂದಿ ಕಟ್ಟಿದ ಮೇಲಷ್ಟೇ ಬಳಸಿ. ಕೆಳಗೆ ಒಂದು ಪಾಲು, ಮುಚ್ಚಳದ ಮೇಲೆ ಎರಡು ಪಾಲು. ಕೆಳಗಿನ ಕೆಂಡವನ್ನು ನಡುವೆ ರಾಶಿ ಹಾಕದೆ ತಳದ ಅಂಚಿನ ಸುತ್ತ ಬಳೆಯಂತೆ ಹರಡಿ. ದಮ್ ಬಿರಿಯಾನಿಯಂತೆ ಹಿಟ್ಟು ಮೆತ್ತಿ ಮುಚ್ಚಬೇಡಿ, ನಡುವೆ ತೆರೆದು ನೋಡುವ ಕೆಲಸ ಇದೆ. ಅರ್ಧ ತಾಸಿಗೊಮ್ಮೆ ಡಬರಿಯನ್ನು ಕಾಲು ಸುತ್ತು ತಿರುಗಿಸಿ. ಡಿಸೆಂಬರ್‌ನ ಗಾಳಿ ಒಂದೇ ಕಡೆಯಿಂದ ಬೀಸಿದರೆ ಆ ಬದಿಯ ಕೆಂಡ ಜೋರಾಗಿ ಒಂದು ತೊಡೆ ಬೇಗ ಬೇಯುತ್ತದೆ. ಗಾಳಿಗೆ ಅಡ್ಡವಾಗಿ ಒಂದು ತಗಡು ನಿಲ್ಲಿಸಿ. ಮುಕ್ಕಾಲು ತಾಸಿಗೊಮ್ಮೆ ಹೊಸ ಕೆಂಡ ಸೇರಿಸಬೇಕು, ಅದಕ್ಕಾಗಿ ಪಕ್ಕದಲ್ಲಿ ಬೇರೆ ಒಲೆ ಉರಿಯುತ್ತಿರಲಿ.

ಇಷ್ಟು ಹೊತ್ತು ಕಣ್ಣಿಗೆ ಕೆಲಸವಿಲ್ಲ, ಕಿವಿಗೆ ಇದೆ. ಡಬರಿಯ ಹತ್ತಿರ ಕೂತು ಕೇಳಿ. ಮೆಲ್ಲಗೆ ಗುಳುಗುಳು ಸದ್ದು ಬರುತ್ತಿದ್ದರೆ ಒಳಗೆ ರಸ ಇದೆ, ಉರಿ ಸರಿ ಇದೆ. ಆ ಸದ್ದು ಚುರುಚುರು ಎಂದು ಬದಲಾದರೆ ನೀರು ಆರಿ ಕೊಬ್ಬು ಹುರಿಯುತ್ತಿದೆ ಎಂದೇ ಅರ್ಥ, ಇನ್ನು ಐದು ಹತ್ತು ನಿಮಿಷದಲ್ಲಿ ತಳ ಹಿಡಿಯುತ್ತದೆ. ಕೂಡಲೇ ಅರ್ಧ ಲೋಟ ಬಿಸಿನೀರು ಬದಿಯಿಂದ ಬಿಡಿ, ಕೆಳಗಿನ ಕೆಂಡ ಅರ್ಧ ಎಳೆಯಿರಿ. ಸದ್ದೇ ಇಲ್ಲದಿದ್ದರೆ ಬಿಸಿ ಸಾಲದು.

8. ಮುಚ್ಚಳ ತೆಗೆಯುವ ಹೊತ್ತು

ಒಂದು ಕ್ರಿಸ್‌ಮಸ್ಸಿಗೆ ಕೌಲ್‌ಬಜಾರಿನ ಗೆಳೆಯರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಮೇಲೆ ಒಳ್ಳೆಯ ಹೊಂಬಣ್ಣ. ತೊಡೆಗೆ ಚಾಕು ಹಾಕಿ ಬಿಡಿಸಿದರೆ ಸಂದಿನಲ್ಲಿ ಮಾಂಸ ಇನ್ನೂ ಜೆಲ್ಲಿಯಂತೆ ಹೊಳೆಯುತ್ತಿತ್ತು, ಮೂಳೆಯ ಗುಂಟ ಕೆಂಪು ನೀರು ಹರಿದು ತಟ್ಟೆಗೆ ಬಂತು. ಮಕ್ಕಳಿಗೆ ಬಡಿಸಿದ್ದ ತುಂಡುಗಳನ್ನೆಲ್ಲ ವಾಪಸ್ ತೆಗೆದುಕೊಂಡೆವು. ಅಂದಿನಿಂದ ನಾನು ಥರ್ಮಾಮೀಟರ್ ಇಲ್ಲದೆ ಈ ಅಡುಗೆಗೆ ಕೈ ಹಾಕಿಲ್ಲ.

ಒಂದೂಮುಕ್ಕಾಲು ತಾಸಿಗೆ ಮೊದಲ ಸಲ ತೆರೆಯಿರಿ. ಕೆಂಡದವರು ಮುಚ್ಚಳದ ಬೂದಿಯನ್ನು ಮೊದಲು ಗುಡಿಸಿ, ಮಟ್ಟವಾಗಿ ನೇರ ಮೇಲಕ್ಕೆತ್ತಿ. ಹಬೆ ಮುಖಕ್ಕೆ ಹೊಡೆಯದಂತೆ ನಿಮ್ಮಿಂದ ಆಚೆ ಬದಿ ಮೊದಲು ತೆರೆಯಲಿ. ತೊಡೆಯ ಒಳಭಾಗದ ದಪ್ಪ ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿ. ಮೂಳೆಗೆ ತಾಗಬಾರದು, ತಾಗಿದರೆ ಲೆಕ್ಕ ತಪ್ಪುತ್ತದೆ. ಎರಡೂ ತೊಡೆ ನೋಡಿ, ಕಡಿಮೆ ಇರುವುದೇ ಲೆಕ್ಕ.

ಫಾರಂ ಹಕ್ಕಿ 68 ಡಿಗ್ರಿ ಮುಟ್ಟಿದಾಗ ಮುಚ್ಚಳ ತೆಗೆಯಬಹುದು. ಹಳ್ಳಿಯಲ್ಲಿ ಓಡಾಡಿ ಬಲಿತ ಹಕ್ಕಿಯ ಕಾಲು ಮೆತ್ತಗಾಗಬೇಕಾದರೆ 80 ಡಿಗ್ರಿವರೆಗೆ ಮುಚ್ಚಿಯೇ ಇಡಿ, ಅಷ್ಟರಲ್ಲಿ ಎದೆ ಒಣಗದಂತೆ ಎದೆಯ ಮೇಲೊಂದು ಫಾಯಿಲ್ ತುಂಡು ಹೊದಿಸಿ. ಇನ್ನೂ ಆಗಿಲ್ಲವಾದರೆ ಮುಚ್ಚಿ ಇಪ್ಪತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ಈ ಹಂತದಲ್ಲಿ ಚರ್ಮ ಒದ್ದೆ ಕಾಗದದಂತೆ ಬೆಳ್ಳಗೆ ಕಾಣುತ್ತದೆ. ಗಾಬರಿಯಾಗಬೇಡಿ, ಹಾಗೇ ಇರಬೇಕು.

ಮುಚ್ಚಳ ತೆಗೆದ ಕೂಡಲೇ ತಳದ ರಸವನ್ನು ಸೌಟಿನಿಂದ ಬೇರೆ ಪಾತ್ರೆಗೆ ತೆಗೆಯಿರಿ, ಅರ್ಧ ಲೋಟದಷ್ಟು ಮಾತ್ರ ಉಳಿಯಲಿ. ರಸ ತುಂಬಿದ್ದರೆ ಹಬೆ ನಿಲ್ಲುವುದಿಲ್ಲ, ಬಣ್ಣ ಬರುವುದಿಲ್ಲ. ಫಾಯಿಲ್ ಇದ್ದರೆ ತೆಗೆಯಿರಿ, ಚರ್ಮವನ್ನು ಬಟ್ಟೆಯಿಂದ ಒತ್ತಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಓವನ್‌ನವರು 215 ಡಿಗ್ರಿಗೆ ಏರಿಸಿ, ತೆರೆದಿಟ್ಟು ಇಪ್ಪತ್ತರಿಂದ ಮೂವತ್ತು ನಿಮಿಷ. ಕೆಂಡದವರು ಡಬರಿಯ ಬಾಯಿಯ ಮೇಲೆ ಮೂರು ಕಡೆ ಸ್ಟೀಲ್ ಚಮಚ ಅಡ್ಡ ಇಟ್ಟು ಅದರ ಮೇಲೆ ಮುಚ್ಚಳ ಕೂಡಿಸಿ. ಆ ಸಂದಿನಿಂದ ಹಬೆ ಹೊರಗೆ ಹೋಗುತ್ತದೆ, ಮೇಲಿನ ಬಿಸಿ ಚರ್ಮಕ್ಕೆ ಬೀಳುತ್ತದೆ. ಕೆಳಗಿನ ಕೆಂಡ ಪೂರ್ತಿ ಎಳೆದು, ಮುಚ್ಚಳದ ಮೇಲೆ ಹೊಸ ಕೆಂಡ ದಟ್ಟವಾಗಿ ಹರಡಿ. ಹದಿನೈದು ನಿಮಿಷಕ್ಕೆ ಒಮ್ಮೆ ನೋಡಿ.

ಎದೆಯ ದಪ್ಪ ಭಾಗ, ಎರಡೂ ತೊಡೆ, ಮೂರೂ ಕಡೆ 74 ಡಿಗ್ರಿ ದಾಟಿದರೆ ಇಳಿಸಿ. ರಸ ತಿಳಿಯಾಗಿದೆ, ಕಾಲು ಸಡಿಲವಾಗಿ ಅಲ್ಲಾಡುತ್ತದೆ ಎಂಬ ಗುರುತುಗಳು ಒಳ್ಳೆಯವೇ, ಆದರೆ ಅವನ್ನಷ್ಟೇ ನಂಬಿ ಮಕ್ಕಳಿಗೆ ಬಡಿಸಬೇಡಿ. ಬಣ್ಣ ಬಂದಿದೆ, 74 ಬಂದಿಲ್ಲ ಎಂದಾದರೆ ಮೇಲೆ ಫಾಯಿಲ್ ಹೊದಿಸಿ, ಉರಿ ಇಳಿಸಿ ಮುಂದುವರಿಸಿ.

9. ಆರಿಸುವುದು, ಕೊಯ್ಯುವುದು

ಮರದ ಹಲಗೆಯ ಮೇಲೆ ಅರ್ಧ ತಾಸು ಹಾಗೇ ಬಿಡಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಗೆ ಹರಿಯುತ್ತದೆ. ಮುಚ್ಚಳ ಹಾಕಿ ಇಡಬೇಡಿ, ಗರಿಗರಿ ಚರ್ಮ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಸಿ ಹಕ್ಕಿ ಇಟ್ಟಿದ್ದ ಹಲಗೆ, ಚಾಕು ಇದಕ್ಕೆ ಬೇಡ.

ಮೊದಲು ಕಾಲು-ತೊಡೆ ಸೇರಿಸಿ ಬಿಡಿಸಿ, ಆಮೇಲೆ ಎದೆಯ ಎರಡೂ ಹೋಳನ್ನು ಮೂಳೆಯಿಂದ ಇಡಿಯಾಗಿ ತೆಗೆದು, ಎಳೆಗೆ ಅಡ್ಡವಾಗಿ ಬೆರಳು ದಪ್ಪ ತುಂಡು ಮಾಡಿ. ತೆಗೆದಿಟ್ಟ ರಸದ ಮೇಲಿನ ಕೊಬ್ಬನ್ನು ಸೌಟಿನಿಂದ ತೆಗೆದು, ತಳದ ಈರುಳ್ಳಿ ಹಿಸುಕಿ ಹಾಕಿ ಐದು ನಿಮಿಷ ಕುದಿಸಿ. ಆ ರಸಕ್ಕೆ ಬಿಸಿ ಜೋಳದ ರೊಟ್ಟಿ ಬಹಳ ಚೆನ್ನಾಗಿ ಹೊಂದುತ್ತದೆ.

10. ಮಧ್ಯಾಹ್ನ ಒಂದಕ್ಕೆ ಊಟವಾದರೆ

ಹಿಂದಿನಿಂದ ಲೆಕ್ಕ ಹಾಕಿ. 25ರ ಊಟಕ್ಕೆ ಫ್ರೋಜನ್ ಹಕ್ಕಿ 22ರ ಬೆಳಿಗ್ಗೆ ಫ್ರಿಜ್ಜಿಗೆ ಇಳಿಯಬೇಕು, ತಾಜಾದಾದರೆ 24ರ ಬೆಳಿಗ್ಗೆಯೊಳಗೆ ಕೊಯ್ಸಿರಬೇಕು. 24ರ ಸಂಜೆ ಉಪ್ಪು. 25ರಂದು ಎಂಟಕ್ಕೆ ಬೆಣ್ಣೆ ಹಚ್ಚಿ, ಅಷ್ಟರಲ್ಲಿ ಇದ್ದಿಲು ಹೊತ್ತಿಸಿರಿ. ಎಂಟೂಮುಕ್ಕಾಲಿಗೆ ಡಬರಿ ಏರಲಿ. ಹನ್ನೆರಡರೊಳಗೆ ಇಳಿದರೆ ಹನ್ನೆರಡೂವರೆಗೆ ಕೊಯ್ಯಬಹುದು. ಬಲಿತ ಹಕ್ಕಿಯಾದರೆ ಎಲ್ಲವನ್ನೂ ಒಂದು ತಾಸು ಮುಂಚೆ ಶುರು ಮಾಡಿ.

ಉಳಿದ ಮಾಂಸವನ್ನು ಎರಡು ತಾಸಿನೊಳಗೆ ಮೂಳೆಯಿಂದ ಬಿಡಿಸಿ, ಅಗಲ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಫ್ರಿಜ್ಜಿಗೆ ಹಾಕಿ, ಮೂರು ದಿನದೊಳಗೆ ಹಬೆಯಾಡುವಂತೆ ಬಿಸಿ ಮಾಡಿ ತಿನ್ನಿ. ಮೂಳೆಗಳನ್ನು ಕುತ್ತಿಗೆಯ ಜೊತೆ ಅದೇ ಡಬರಿಗೆ ಹಾಕಿ, ಮುಳುಗುವಷ್ಟು ನೀರು, ಹತ್ತು ಕಾಳುಮೆಣಸು ಸೇರಿಸಿ ಸಣ್ಣ ಉರಿಯಲ್ಲಿ ಎರಡು ತಾಸು ಕುದಿಸಿದರೆ ರಾತ್ರಿಗೆ ಸಾರು ಸಿದ್ಧ.